ನೂರು ದಾಟಿದ ಮೇಲೆ ಯಾರು ಮುಂದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಂಚಿಕೆಯಲ್ಲಿ ಸ್ಪೋರ್ಟ್ಸ್ ಕಾರುಗಳ ಪಿಕಪ್

ಮೈಸೂರು, ಮಂಡ್ಯ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದಿವೆ: ಪೋರ್ಷೆ, ಮೆಕ್‌ಲಾರೆನ್, ಲ್ಯಾಂಬೋರ್ಗಿನಿ, ಫೆರಾರಿಗಳಲ್ಲಿ ಯಾವುದರ ಪಿಕಪ್ ಜೋರು, ಅದನ್ನು ಹೋಲಿಸುವುದು ಹೇಗೆ? ಯಾದವಗಿರಿಯಲ್ಲಿ ಜಾವಾ ಬೈಕ್ ತಯಾರಾಗುತ್ತಿದ್ದ ಊರು ಇದು, ಟೈರು ಮತ್ತು ಆಕ್ಸಲ್ ಇಂದಿಗೂ ಇಲ್ಲಿ ತಯಾರಾಗುತ್ತವೆ. ಪ್ರಶ್ನೆಗಳೂ ಹಾಗೆಯೇ, ಸುತ್ತುಬಳಸದೆ ಯಂತ್ರದ ಹೊಟ್ಟೆಗೇ ಕೈ ಹಾಕಿವೆ. ಕಾರುಗಳ ಸಮಯ, ಶಕ್ತಿ, ತೂಕದ ಅಂಕಿಗಳು ತಯಾರಕರು ಪ್ರಕಟಿಸಿದವು. ಅವುಗಳ ಮೇಲೆ ಮಾಡಿದ ಲೆಕ್ಕ ನಮ್ಮದು.

ಪ್ರಶ್ನೆ: 2020ರ ಪೋರ್ಷೆ 911 ಟರ್ಬೊ ಎಸ್ 2.7 ಸೆಕೆಂಡಿನಲ್ಲಿ ಸೊನ್ನೆಯಿಂದ ನೂರು ಮುಟ್ಟುತ್ತದೆ. ಮೆಕ್‌ಲಾರೆನ್ 720ಎಸ್‌ಗೆ 2.9 ಸೆಕೆಂಡ್ ಬೇಕು. ಆದರೂ ಉದ್ದನೆಯ ಓಟದಲ್ಲಿ ಮೆಕ್‌ಲಾರೆನ್ ಮುಂದೆ ಹೋಗುತ್ತದೆ ಎನ್ನುತ್ತಾರೆ. ಹಾಗಾದರೆ ಯಾವುದರ ಪಿಕಪ್ ಹೆಚ್ಚು ಎಂದು ತಿಳಿಯಬೇಕು?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸೊನ್ನೆಯಿಂದ ನೂರರ ಸಮಯ ಇಂಥ ಕಾರುಗಳಲ್ಲಿ ಎಂಜಿನ್ನಿನ ಪರೀಕ್ಷೆಯೇ ಅಲ್ಲ. ಅದು ಬಹುಮಟ್ಟಿಗೆ ಟೈರಿನ ಪರೀಕ್ಷೆ. ಹೋಲಿಕೆ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ಅದನ್ನು 2.7 ಸೆಕೆಂಡಿನಲ್ಲಿ ಮುಟ್ಟಬೇಕಾದರೆ ಸರಾಸರಿ ವೇಗೋತ್ಕರ್ಷ (ಪ್ರತಿ ಸೆಕೆಂಡಿಗೆ ಏರುವ ವೇಗ) ಸೆಕೆಂಡಿಗೆ 10.3 ಮೀಟರ್, ಅಂದರೆ ಭೂಮಿಯ ಗುರುತ್ವಕ್ಕಿಂತಲೂ ಒಂದಿಷ್ಟು ಹೆಚ್ಚು, 1.05 ಜಿ. ಒಳ್ಳೆಯ ರಸ್ತೆ ಟೈರು ಒಣ ಡಾಂಬರಿನ ಮೇಲೆ ಹಿಡಿಯಬಲ್ಲದ್ದು ಹೆಚ್ಚುಕಡಿಮೆ ಅಷ್ಟೇ. 2020ರ 911 ಟರ್ಬೊ ಎಸ್‌ನ 650 ಮೆಟ್ರಿಕ್ ಅಶ್ವಶಕ್ತಿ, ಅಂದರೆ 650 ಪಿಎಸ್‌ನಲ್ಲಿ ಗೇರ್‌ಬಾಕ್ಸ್, ಆಕ್ಸಲ್‌ಗಳ ನಷ್ಟ ಶೇಕಡಾ 15 ಭಾಗ ಕಳೆದರೆ ಚಕ್ರಕ್ಕೆ ಸುಮಾರು 406 ಕಿಲೊವ್ಯಾಟ್ ತಲುಪುತ್ತದೆ. ಚಾಲಕ ಸೇರಿ 1,715 ಕೆ.ಜಿ. ತೂಕವನ್ನು 1.1 ಜಿ ದರದಲ್ಲಿ ನೂಕಲು ಈ ಶಕ್ತಿ ಗಂಟೆಗೆ 79 ಕಿ.ಮೀ. ವರೆಗೂ ಸಾಲುತ್ತದೆ. ಅಲ್ಲಿಯ ತನಕ ಎಂಜಿನ್ ಇನ್ನಷ್ಟು ಕೊಟ್ಟರೂ ಟೈರು ತೆಗೆದುಕೊಳ್ಳುವುದಿಲ್ಲ. ಎಂಜಿನ್ನಿಗೆ ನಿಜವಾದ ಕೆಲಸ ಶುರುವಾಗುವುದು ಆಮೇಲೆ. 720ಎಸ್‌ನಲ್ಲಿ ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ, ತೂಕವೂ ಕಡಿಮೆ. ಅದು ನೂರು ದಾಟುವವರೆಗೂ ಟೈರಿನ ಮಿತಿಯಲ್ಲೇ ಓಡುತ್ತಿರುತ್ತದೆ, ಎಂಜಿನ್ನಿನ ಪೂರ್ತಿ ಬಲ ಹೊರಬಂದೇ ಇರುವುದಿಲ್ಲ.

ಈಗ 200ರವರೆಗಿನ ಸಮಯ ನೋಡಿ. 911 ಟರ್ಬೊ ಎಸ್‌ಗೆ 8.9 ಸೆಕೆಂಡ್, 720ಎಸ್‌ಗೆ 7.8. ಮೊದಲ ನೂರನ್ನು ಕಳೆದರೆ ಉಳಿದ ನೂರಕ್ಕೆ ಪೋರ್ಷೆ 6.2 ಸೆಕೆಂಡ್ ತೆಗೆದುಕೊಂಡರೆ ಮೆಕ್‌ಲಾರೆನ್‌ಗೆ 4.9 ಸಾಕು. ನೂರರಲ್ಲಿ 0.2 ಸೆಕೆಂಡ್ ಹಿಂದಿದ್ದದ್ದು ಇನ್ನೂರರಲ್ಲಿ 1.1 ಸೆಕೆಂಡ್ ಮುಂದೆ. ಇದಕ್ಕೆ ಕಾರಣ ತೂಕಕ್ಕೆ ತಕ್ಕ ಶಕ್ತಿ. ಎರಡೂ ಕಾರಿನ ಡಿಐಎನ್ ತೂಕಕ್ಕೆ (ಪೆಟ್ರೋಲ್, ಆಯಿಲ್ ತುಂಬಿ, ಚಾಲಕನಿಲ್ಲದೆ ತೂಗಿದ್ದು) 75 ಕೆ.ಜಿ. ಚಾಲಕನನ್ನು ಸೇರಿಸಿ. ಪೋರ್ಷೆಯಲ್ಲಿ ಕೆ.ಜಿ.ಗೆ 0.38 ಪಿಎಸ್, 720 ಪಿಎಸ್ ಇದ್ದು ಚಾಲಕ ಸೇರಿ 1,494 ಕೆ.ಜಿ. ತೂಗುವ ಮೆಕ್‌ಲಾರೆನ್‌ನಲ್ಲಿ 0.48 ಪಿಎಸ್. ಎರಡನೆಯದು ಮೊದಲನೆಯದಕ್ಕಿಂತ 27 ಭಾಗ ಹೆಚ್ಚು. 6.2ನ್ನು 4.9ರಿಂದ ಭಾಗಿಸಿದರೂ ಬರುವುದು 1.27. ಲೆಕ್ಕ ಇಷ್ಟು ಚೊಕ್ಕವಾಗಿ ಕೂಡುವುದು ಆಕಸ್ಮಿಕವಲ್ಲ. ನೂರರಿಂದ ಇನ್ನೂರಕ್ಕೆ ಏರಲು ಬೇಕಾದ ಚಲನಶಕ್ತಿ, ಸೊನ್ನೆಯಿಂದ ನೂರಕ್ಕೆ ಬೇಕಾದದ್ದರ ಮೂರು ಪಟ್ಟು. ಅಲ್ಲಿ ಟೈರಿನ ಹಿಡಿತ ಅಡ್ಡಬರುವುದಿಲ್ಲ, ಎಂಜಿನ್ನೂ ತೂಕವೂ ನೇರವಾಗಿ ಮಾತಾಡುತ್ತವೆ.

ಉಳಿದವನ್ನೂ ಇದೇ ಒರೆಗಲ್ಲಿಗೆ ಹಚ್ಚಿ. ಲ್ಯಾಂಬೋರ್ಗಿನಿ ಹುರಾಕಾನ್ ಇವೊ ನೂರಕ್ಕೆ 2.9, ಇನ್ನೂರಕ್ಕೆ 9.0, ನಡುವಿನ ಅಂತರ 6.1. ಫೆರಾರಿ 296 ಜಿಟಿಬಿ 2.9 ಮತ್ತು 7.3, ಅಂತರ 4.4. ಆಡಿ ಆರ್8 ವಿ10 ಪ್ಲಸ್ 3.2 ಮತ್ತು 9.9, ಅಂತರ 6.7. ಮೆಕ್‌ಲಾರೆನ್, ಹುರಾಕಾನ್, ಫೆರಾರಿ ಮೂರೂ ನೂರರಲ್ಲಿ ಒಂದೇ 2.9. ಆ ಒಂದಂಕಿ ನೋಡಿ ಮೂರನ್ನೂ ಸಮ ಎನ್ನುವುದು ತಪ್ಪು ತೀರ್ಮಾನ. ನಮ್ಮ ಅಭಿಪ್ರಾಯದಲ್ಲಿ ಪಿಕಪ್ ಹೋಲಿಸಲು ಒಂದೇ ಅಂಕಿ ಆರಿಸಬೇಕಾಗಿ ಬಂದರೆ ನೂರರಿಂದ ಇನ್ನೂರರ ಸಮಯವನ್ನೇ ಆರಿಸಬೇಕು.

ತೂಕದ ವಿಷಯದಲ್ಲಿ ಒಂದು ಎಚ್ಚರ. ಇಟಲಿಯ ಕಂಪನಿಗಳು ಹೆಚ್ಚಾಗಿ ಒಣ ತೂಕ ಪ್ರಕಟಿಸುತ್ತವೆ: ಪೆಟ್ರೋಲ್, ಆಯಿಲ್, ಕೂಲೆಂಟ್ ಇಲ್ಲದೆ, ಕೆಲವೊಮ್ಮೆ ಹಗುರ ಸೀಟು, ಹಗುರ ಚಕ್ರ ಹಾಕಿ. ಹುರಾಕಾನ್ ಇವೊದ 1,422 ಕೆ.ಜಿ. ಅಂಥದ್ದು. ರಸ್ತೆಗಿಳಿದಾಗ ಅದಕ್ಕೆ ನೂರು ಕೆ.ಜಿ.ಗೂ ಹೆಚ್ಚು ಸೇರಿಕೊಳ್ಳುತ್ತದೆ. ಒಂದು ಕಾರಿನ ಒಣ ತೂಕವನ್ನು ಇನ್ನೊಂದರ ಡಿಐಎನ್ ತೂಕದ ಪಕ್ಕ ಇಟ್ಟು ಹೋಲಿಸಬೇಡಿ.

ಪ್ರಶ್ನೆ: ಅದೇ 911 ಟರ್ಬೊ ಎಸ್‌ಗೆ ಅಮೆರಿಕದ ಪರೀಕ್ಷೆಯಲ್ಲಿ 2.2 ಸೆಕೆಂಡ್ ಬಂದಿದೆ. ಕಂಪನಿ ಹೇಳುವುದು 2.7. ಅರ್ಧ ಸೆಕೆಂಡ್ ಎಲ್ಲಿ ಹೋಯಿತು?
— ವಿದ್ಯಾರ್ಥಿ, ಪಿಇಎಸ್ ಎಂಜಿನಿಯರಿಂಗ್ ಕಾಲೇಜು, ಮಂಡ್ಯ

ಉತ್ತರ: ಅಳತೆಯ ಎರಡು ತುದಿಗಳೂ ಬೇರೆ ಬೇರೆ. ಅಮೆರಿಕದಲ್ಲಿ ಅಳೆಯುವುದು ಗಂಟೆಗೆ 60 ಮೈಲಿಯವರೆಗೆ, ಅಂದರೆ 96.6 ಕಿ.ಮೀ. ಉಳಿದ 3.4 ಕಿ.ಮೀ. ಏರಲು ಇಂಥ ಕಾರಿಗೆ ಸುಮಾರು 0.1 ಸೆಕೆಂಡ್ ಬೇಕು.

ದೊಡ್ಡ ಪಾಲು ಇರುವುದು ಶುರುವಿನಲ್ಲಿ. ಡ್ರ್ಯಾಗ್ ಓಟದ (ನೇರ ಪಟ್ಟಿಯ ಮೇಲೆ ನಿಂತಲ್ಲಿಂದ ಓಡುವ ಪಂದ್ಯ) ಪದ್ಧತಿಯಂತೆ ಕಾರು ಮೊದಲ ಒಂದು ಅಡಿ ಉರುಳಿದ ಮೇಲೆ ಗಡಿಯಾರ ಓಡಲು ಶುರುವಾಗುತ್ತದೆ. ಇದಕ್ಕೆ ರೋಲ್‌ಔಟ್ ಎನ್ನುತ್ತಾರೆ. ಒಂದು ಅಡಿ ಎಂದರೆ 0.305 ಮೀಟರ್, 1 ಜಿ ವೇಗೋತ್ಕರ್ಷದಲ್ಲಿ ಅದನ್ನು ದಾಟಲು 0.25 ಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಕಾರು ಗಂಟೆಗೆ 8.8 ಕಿ.ಮೀ. ವೇಗ ಪಡೆದಿರುತ್ತದೆ. ಹೆಸರಿಗೆ ಸೊನ್ನೆಯಿಂದ, ನಿಜದಲ್ಲಿ ಸುಮಾರು 9ರಿಂದ 97ರವರೆಗೆ. ಟೆಸ್ಲಾ ಮಾಡೆಲ್ ಎಸ್ ಪ್ಲ್ಯಾಡ್‌ನ ಹೆಸರುವಾಸಿ 1.99 ಸೆಕೆಂಡೂ ಈ ಒಂದು ಅಡಿಯನ್ನು ಕಳೆದು ಹೇಳಿದ್ದು.

ಇವೆರಡೂ ಸೇರಿದರೆ 0.35 ಸೆಕೆಂಡ್. ಉಳಿದ 0.15ಕ್ಕೆ ಹಲವು ಕಾರಣಗಳು: ಹವೆಗೆ ತಕ್ಕಂತೆ ಸಮಯವನ್ನು ಸಮುದ್ರಮಟ್ಟಕ್ಕೆ ತಿದ್ದುವುದು, ಒಳ್ಳೆ ಹಿಡಿತವಿರುವ ಪರೀಕ್ಷಾ ರಸ್ತೆ, ಜೊತೆಗೆ ಪೋರ್ಷೆ ತನ್ನ ಅಂಕಿಯನ್ನು ಸ್ವಲ್ಪ ಕೈ ಬಿಗಿಹಿಡಿದೇ ಹೇಳುವ ಕಂಪನಿ. ಅಂಟು ಬಳಿದು ಸಿದ್ಧಪಡಿಸಿದ ಡ್ರ್ಯಾಗ್ ಪಟ್ಟಿಯ ಮೇಲೆ ಅಳೆದಿದ್ದರಂತೂ ಆ ಸಮಯಕ್ಕೂ ಸಾಮಾನ್ಯ ರಸ್ತೆಯ ಸಮಯಕ್ಕೂ ಸಂಬಂಧವೇ ಇರುವುದಿಲ್ಲ. ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ ಎರಡು ಮೂಲದ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಹಾಕುವುದಾದರೆ ಮೊದಲು ರೋಲ್‌ಔಟ್ ಇದೆಯೇ, 60 ಮೈಲಿಯೋ 100 ಕಿ.ಮೀ.ಯೋ ಎಂಬ ಎರಡು ಅಂಕಣ ಎಳೆದುಕೊಳ್ಳಿ.

ಕೆಲವು ಕಾರುಗಳಲ್ಲಿ ಗೇರ್ ಬದಲಾವಣೆ ಸರಿಯಾಗಿ 97 ಮತ್ತು 100ರ ನಡುವೆ ಬೀಳುತ್ತದೆ. ತಾನಾಗಿ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಇದ್ದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಕೈಯಲ್ಲಿ ಗೇರ್ ಹಾಕುವ ಕಾರಾದರೆ ಅಷ್ಟಕ್ಕೇ 0.3ರಿಂದ 0.5 ಸೆಕೆಂಡ್ ಹೋಗುತ್ತದೆ.

ಪ್ರಶ್ನೆ: ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಸ್ಟಾರ್ಟ್‌ನಲ್ಲಿ ಎಷ್ಟು ಲಾಭ? ಮಳೆಗಾಲದಲ್ಲಿ ಆ ವ್ಯತ್ಯಾಸ ಹೆಚ್ಚುತ್ತದೆಯೇ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಕಬ್ಬು ತುಂಬಿದ ಟ್ರೈಲರನ್ನು ಏರಿನಲ್ಲಿ ಎಳೆಯುವಾಗ ಟ್ರಾಕ್ಟರಿನ ಮುಂದಿನ ಚಕ್ರ ನೆಲ ಬಿಡುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಜೋರಾಗಿ ಹೊರಟ ಕಾರಿನಲ್ಲೂ ಭಾರ ಹಾಗೆಯೇ ಹಿಂದಕ್ಕೆ ವಾಲುತ್ತದೆ. ಆದ್ದರಿಂದ ಎಂಜಿನ್ ಹಿಂದಿರುವ ಕಾರಿಗೆ ಹಿಂದಿನ ಚಕ್ರ ಮಾತ್ರ ಇದ್ದರೂ ಪರವಾಗಿಲ್ಲ ಅನ್ನುವಷ್ಟು ಹಿಡಿತ ಸಿಗುತ್ತದೆ. ಆದರೆ ಪೂರ್ತಿ ಅಲ್ಲ.

ಲೆಕ್ಕ ಹೀಗೆ. ನಿಂತಾಗ ಹಿಂದಿನ ಚಕ್ರಗಳ ಮೇಲೆ 58 ಭಾಗ ತೂಕ, ಗುರುತ್ವಕೇಂದ್ರದ ಎತ್ತರ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರದ, ಅಂದರೆ ವೀಲ್‌ಬೇಸಿನ ಆರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಂದರೆ 0.175 ಎಂದು ಹಿಡಿಯೋಣ. ಎಂಜಿನ್ ನಡುವಿರುವ ಕಾರುಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಟೈರಿನ ಘರ್ಷಣಾಂಕ (ರಸ್ತೆಯ ಮೇಲಿನ ಹಿಡಿತದ ಅಳತೆ) 1.1 ಇದ್ದರೆ ಹಿಂದಿನ ಚಕ್ರದ ಕಾರಿಗೆ ಸಿಗುವುದು 0.79 ಜಿ, ನೂರಕ್ಕೆ 3.6 ಸೆಕೆಂಡ್. ನಾಲ್ಕೂ ಚಕ್ರ ಎಳೆದರೆ ಪೂರ್ತಿ 1.1 ಜಿ, ನೂರಕ್ಕೆ 2.6 ಸೆಕೆಂಡ್. ಕೊನೆಯಲ್ಲಿ ಎಂಜಿನ್ ಶಕ್ತಿ ಸಾಲದೆ ಹೋಗುವುದನ್ನು ಸೇರಿಸಿದರೆ 2.7ರ ಹತ್ತಿರ. ಹಿಂದಿನ ಚಕ್ರದ ಕಾರು 2.9 ಮುಟ್ಟಬೇಕಾದರೆ ಘರ್ಷಣಾಂಕ 1.3 ಬೇಕು. ಎಂದರೆ ಅಂಟಂಟಾದ, ಬಿಸಿಯಾದ ಟೈರು ಮತ್ತು ಒರಟಾದ ಒಣ ಡಾಂಬರು. 720ಎಸ್, 296 ಜಿಟಿಬಿಗಳ 2.9 ಹಾಗೆ ಎಲ್ಲ ಕೂಡಿಬಂದ ದಿನದ ಸಮಯ.

ಮಳೆಯಲ್ಲಿ ಘರ್ಷಣಾಂಕ 0.7ಕ್ಕೆ ಇಳಿದರೆ ನಾಲ್ಕು ಚಕ್ರದ ಕಾರಿಗೆ ನೂರಕ್ಕೆ 4.0 ಸೆಕೆಂಡ್, ಹಿಂದಿನ ಚಕ್ರದ್ದಕ್ಕೆ 6.1. ಅಂದರೆ ಒಣ ರಸ್ತೆಯಲ್ಲಿ ಒಂದು ಸೆಕೆಂಡ್ ಇದ್ದ ಅಂತರ ಎರಡು ದಾಟುತ್ತದೆ. 700 ಪಿಎಸ್ ಇದ್ದರೂ ಆಗ ಅದರಲ್ಲಿ ಹೆಚ್ಚಿನದು ನಿರುಪಯೋಗ.

911ರಲ್ಲಿ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದಿದೆ. ತೂಕದ ಸುಮಾರು 61 ಭಾಗ ಹಿಂದಿನ ಚಕ್ರಗಳ ಮೇಲೆ. ಮುಂದಕ್ಕೆ ಒಂದು ಮಲ್ಟಿಪ್ಲೇಟ್ ಕ್ಲಚ್ ಮೂಲಕ ಗರಿಷ್ಠ 500 ನ್ಯೂಟನ್ ಮೀಟರ್ ಟಾರ್ಕ್ ಕಳಿಸಬಲ್ಲದು. ನಿಂತಲ್ಲಿಂದ ಹೊರಡುವುದರಲ್ಲಿ ಅದನ್ನು ಮೀರಿಸುವುದು ಅಷ್ಟು ಕಷ್ಟವಾಗಿರುವುದು ಈ ಎರಡೂ ಒಟ್ಟಿಗೆ ಇರುವುದರಿಂದ.

ಪ್ರಶ್ನೆ: ಲಾಂಚ್ ಕಂಟ್ರೋಲ್ ಸರಿಯಾಗಿ ಬಳಸುವುದು ಹೇಗೆ? ಪದೇ ಪದೇ ಬಳಸಿದರೆ ಗೇರ್‌ಬಾಕ್ಸ್ ಹೋಗುತ್ತದೆ ಎನ್ನುವುದು ನಿಜವೇ?
— ಓದುಗರು, ವಿಜಯನಗರ, ಮೈಸೂರು

ಉತ್ತರ: ಲಾಂಚ್ ಕಂಟ್ರೋಲ್ ಎಂದರೆ ನಿಂತಲ್ಲಿಂದ ಜೋರಾಗಿ ಹೊರಡುವಾಗ ಎಂಜಿನ್ನನ್ನೂ ಕ್ಲಚ್ಚನ್ನೂ ಕಂಪ್ಯೂಟರೇ ನಿಭಾಯಿಸುವ ವ್ಯವಸ್ಥೆ. ಮೊದಲು ಕಾರು ಬಿಸಿಯಾಗಿರಬೇಕು. ಕೂಲೆಂಟ್ ಬೇಗ ಬಿಸಿಯಾಗುತ್ತದೆ, ಎಂಜಿನ್ ಆಯಿಲ್ ಮತ್ತು ಗೇರ್‌ಬಾಕ್ಸ್ ಆಯಿಲ್ ನಿಧಾನ. ಎಂಜಿನ್ ಆಯಿಲ್ 80 ಡಿಗ್ರಿ ದಾಟುವವರೆಗೆ ಬೇಡ. ಚಕ್ರ ನೇರ, ಸ್ಟೀರಿಂಗ್ ನೇರ, ಎ.ಸಿ. ಆಫ್.

911 ಟರ್ಬೊ ಎಸ್‌ನಲ್ಲಿ ಸ್ಪೋರ್ಟ್ ಪ್ಲಸ್ ಆರಿಸಿ. ಎಡಗಾಲಿನಿಂದ ಬ್ರೇಕನ್ನು ಗಟ್ಟಿಯಾಗಿ ಒತ್ತಿ. ಬಲಗಾಲಿನಿಂದ ಆಕ್ಸಿಲೇಟರನ್ನು ಒಂದೇ ಸಲಕ್ಕೆ ತಳಮುಟ್ಟ ತುಳಿಯಿರಿ. ನಿಧಾನವಾಗಿ ತುಳಿದರೆ ವ್ಯವಸ್ಥೆ ಚಾಲೂ ಆಗುವುದಿಲ್ಲ. ಎಂಜಿನ್ ಸುಮಾರು 5,000 ಆರ್‌ಪಿಎಂನಲ್ಲಿ ನಿಲ್ಲುತ್ತದೆ, ಮುಂದಿನ ಪರದೆಯಲ್ಲಿ ಸೂಚನೆ ಬರುತ್ತದೆ. ಬಂದ ಒಂದೆರಡು ಸೆಕೆಂಡಿನೊಳಗೆ ಬ್ರೇಕಿನಿಂದ ಕಾಲನ್ನು ಥಟ್ಟನೆ ತೆಗೆಯಿರಿ. ಇಲ್ಲೇ ಹಲವರು ತಪ್ಪುವುದು: ಕಾಲನ್ನು ಮೆಲ್ಲಗೆ ಎತ್ತಿದರೆ ಬ್ರೇಕ್ ಹಿಡಿದಿರುವಾಗಲೇ ಕ್ಲಚ್ ಕಚ್ಚುತ್ತದೆ, ಸಮಯವೂ ಹಾಳು, ಕ್ಲಚ್ಚೂ ಸುಡುತ್ತದೆ. ಸೂಚನೆ ಬಂದ ಮೇಲೆ ಬ್ರೇಕ್ ತುಳಿದುಕೊಂಡೇ ಕಾಯುವುದೂ ಅಷ್ಟೇ ಕೆಟ್ಟದ್ದು.

ಗೇರ್‌ಬಾಕ್ಸ್ ಹೋಗುವುದಕ್ಕಿಂತ ಮೊದಲು ನೋಯುವುದು ಕ್ಲಚ್. ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತಿದ್ದು ಕ್ಲಚ್ ಜಾರುತ್ತಾ ಕಾರನ್ನು ಎಳೆದರೆ, ಕಾರು ಪಡೆದಷ್ಟೇ ಚಲನಶಕ್ತಿ ಕ್ಲಚ್‌ನಲ್ಲಿ ಶಾಖವಾಗುತ್ತದೆ. ಗಂಟೆಗೆ 50 ಕಿ.ಮೀ.ಯಲ್ಲಿ ಕ್ಲಚ್ ಪೂರ್ತಿ ಹಿಡಿಯಿತು ಎಂದುಕೊಂಡರೆ 1,715 ಕೆ.ಜಿ. ಕಾರಿಗೆ ಅದು ಸುಮಾರು 165 ಕಿಲೊಜೂಲ್. 5 ಕೆ.ಜಿ. ಉಕ್ಕನ್ನು ಒಂದೇ ಏಟಿಗೆ 65 ಡಿಗ್ರಿಗೂ ಹೆಚ್ಚು ಬಿಸಿ ಮಾಡುವಷ್ಟು. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇದನ್ನು ತಾಳಿಕೊಳ್ಳುತ್ತದೆ, ಆದರೆ ಆ ಎಣ್ಣೆ ತಣಿಯಲು ಸಮಯ ಬೇಕು. ಹಿಂದಿನ ಓಟದ ಬಿಸಿ ಇಳಿಯುವ ಮೊದಲೇ ಇನ್ನೊಂದು, ಮತ್ತೊಂದು ಎಂದರೆ ಎಣ್ಣೆ ಕಪ್ಪಾಗುತ್ತದೆ, ಪ್ಲೇಟಿನ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ಮಾಮೂಲಿ ಓಡಾಟದಲ್ಲೂ ಹೊರಡುವಾಗ ಕಾರು ನಡುಗುತ್ತದೆ. ಪ್ರತಿ ಓಟದ ನಂತರ ಐದಾರು ಕಿ.ಮೀ. ಹಗುರವಾಗಿ ಓಡಿಸಿ ತಣಿಸಿ. ನಿಲ್ಲಿಸಿ ತಣಿಸುವುದಕ್ಕಿಂತ ಇದು ಮೇಲು, ಕೂಲರಿಗೆ ಗಾಳಿ ಸಿಗುತ್ತದೆ.

ನಿಸಾನ್ ಜಿಟಿ-ಆರ್‌ನ ಮೊದಲ ವರ್ಷಗಳ ಪ್ರಕರಣ ನೆನಪಿಡಿ. ಅದರಲ್ಲಿ ಸ್ಥಿರತಾ ನಿಯಂತ್ರಣವನ್ನು ಆಫ್ ಮಾಡಿ ಲಾಂಚ್ ಮಾಡಬೇಕಿತ್ತು. ಗೇರ್‌ಬಾಕ್ಸ್‌ಗಳು ಹಾಳಾದವು, ವಾರಂಟಿಯ ತಕರಾರು ಎದ್ದಿತು, ಕಡೆಗೆ ಕಂಪನಿ ಲಾಂಚ್‌ನ ಆರ್‌ಪಿಎಂ ತಗ್ಗಿಸಿದ ಹೊಸ ಪ್ರೋಗ್ರಾಂ ಕೊಟ್ಟಿತು. ನಿಮ್ಮ ಕಾರಿನ ಕೈಪಿಡಿಯಲ್ಲಿ ಲಾಂಚ್ ಕುರಿತ ವಾರಂಟಿ ಷರತ್ತನ್ನು ಓದಿಯೇ ಮುಂದುವರಿಯಿರಿ.

ಪ್ರಶ್ನೆ: ಜೋರಾಗಿ ಹೊರಟಾಗ ಹಿಂದಿನ ಚಕ್ರಗಳು ದಡದಡ ಕುಪ್ಪಳಿಸುತ್ತವೆ. ಇದರಿಂದ ಆಕ್ಸಲ್ ಶಾಫ್ಟ್ ಮುರಿಯಬಹುದೇ?
— ಕಾರ್ಖಾನೆ ನೌಕರರು, ಹೂಟಗಳ್ಳಿ

ಉತ್ತರ: ಮುರಿಯಬಹುದು. ಟೈರಿನ ಪಕ್ಕದ ಗೋಡೆ ತಿರುಚಿಕೊಂಡು ಹಿಡಿಯುತ್ತದೆ, ತಾಳಲಾರದೆ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸಸ್ಪೆನ್ಷನ್ ಬುಷ್‌ಗಳ ಕಂಪನ ಇದರ ತಾಳಕ್ಕೆ ಸೇರಿಕೊಂಡರೆ ಚಕ್ರ ಕುಪ್ಪಳಿಸುತ್ತದೆ. ಪ್ರತಿ ಸಲ ಟೈರು ಮತ್ತೆ ಹಿಡಿದಾಗ ಶಾಫ್ಟಿನ ಮೇಲೆ ಬೀಳುವ ಟಾರ್ಕ್, ಎಂಜಿನ್ ಕೊಡುವುದಕ್ಕಿಂತ ಎಷ್ಟೋ ಹೆಚ್ಚು; ತಿರುಗುತ್ತಿರುವ ಭಾಗಗಳ ಜಡತ್ವವೆಲ್ಲ ಒಮ್ಮೆಲೇ ಬಡಿಯುತ್ತದೆ. ಸಿ.ವಿ. ಜಾಯಿಂಟ್, ಡಿಫರೆನ್ಷಿಯಲ್ ಮೌಂಟ್, ಶಾಫ್ಟಿನ ಸ್ಪ್ಲೈನ್ ಇವು ಮೊದಲು ಬಲಿಯಾಗುತ್ತವೆ.

ಶುರುವಾದ ಕೂಡಲೇ ಆಕ್ಸಿಲೇಟರ್ ಬಿಡಿ, ಒತ್ತಿ ಹಿಡಿದು ದಾಟಿಸಲು ನೋಡಬೇಡಿ. ಆಮೇಲೆ ಸಬ್‌ಫ್ರೇಮ್ ಬುಷ್, ಟ್ರೇಲಿಂಗ್ ಆರ್ಮ್ ಬುಷ್, ಎಂಜಿನ್ ಮೌಂಟ್ ನೋಡಿಸಿ. ರಬ್ಬರ್ ಸೀಳಿದ್ದರೆ ಮೊದಲು ಅದನ್ನು ಬದಲಿಸಿ. ಡ್ಯಾಂಪರ್ ಸೋರುತ್ತಿದೆಯೇ, ಎರಡೂ ಹಿಂದಿನ ಟೈರಿನ ಗಾಳಿ ಸಮ ಇದೆಯೇ ನೋಡಿ. ಆಕ್ಸಲ್ ಕೆಲಸದವರಾದ ನಿಮಗೆ ಹಿಡಿಸಬಹುದಾದ ಸಂಗತಿ: ಅಮೆರಿಕದ ಕ್ಯಾಡಿಲ್ಯಾಕ್ ಸಿಟಿಎಸ್-ವಿ ಕಾರಿನ ಎರಡನೇ ತಲೆಮಾರಿನಲ್ಲಿ ಒಂದು ಬದಿಯ ಶಾಫ್ಟ್ ದಪ್ಪ, ಇನ್ನೊಂದು ಬದಿಯದು ಸಣ್ಣ ಮಾಡಿದ್ದರು. ಎರಡರ ತಿರುಚುವ ಕಂಪನ ಬೇರೆ ಬೇರೆಯಾದ್ದರಿಂದ ಎರಡೂ ಚಕ್ರ ಒಂದೇ ತಾಳಕ್ಕೆ ಬೀಳುವುದು ತಪ್ಪಿತು.

ಪ್ರಶ್ನೆ: ಟ್ರ್ಯಾಕ್‌ಗೆಂದು ಮಾಡಿದ ಅಂಟು ಟೈರನ್ನು ದಿನಬಳಕೆಗೆ ಹಾಕಬಹುದೇ?
— ಓದುಗರು, ಮೇಟಗಳ್ಳಿ, ಮೈಸೂರು

ಉತ್ತರ: ಬೇಡ. ಅವು ಬಿಸಿಯಾದ ಮೇಲೆ ಮಾತ್ರ ಹಿಡಿಯುತ್ತವೆ, ತೋಡು ಕಡಿಮೆಯಾದ್ದರಿಂದ ನಿಂತ ನೀರಿನ ಮೇಲೆ ತೇಲುತ್ತವೆ, ಬೇಗ ಸವೆಯುತ್ತವೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2ರ ಟ್ರೆಡ್‌ವೇರ್ ಅಂಕ 180, ಪಿರೆಲ್ಲಿ ಟ್ರೋಫಿಯೊ ಆರ್‌ನದು ಬರೀ 60. ಅಂಕ ಇಳಿದಷ್ಟೂ ಸವೆತ ಬೇಗ. ನಮ್ಮಲ್ಲಿ ಸ್ಪೋರ್ಟ್ಸ್ ಕಾರುಗಳ ಟೈರು ಸವೆಯುವುದಕ್ಕಿಂತ ಶೆಡ್ಡಿನಲ್ಲಿ ನಿಂತೇ ಗಟ್ಟಿಯಾಗುವುದು ಹೆಚ್ಚು. ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ ಟೈರಿನಲ್ಲಿ ತೋಡು ಎಷ್ಟೇ ಉಳಿದಿರಲಿ, ಪಿಕಪ್ ಪರೀಕ್ಷೆಗೆ ಅದು ತಕ್ಕದ್ದಲ್ಲ.

ಪ್ರಶ್ನೆ: ಜರ್ಮನಿಯಲ್ಲಿ ಅಳೆದ ಸಮಯ ನಮ್ಮ ಮೈಸೂರಿನ ಬಿಸಿಲಿನಲ್ಲಿ ಬರುತ್ತದೆಯೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಟರ್ಬೊ ಇಲ್ಲದ ಎಂಜಿನ್ನಿಗೆ ಬರುವುದಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ 1,013 ಮಿಲಿಬಾರ್ ಇದ್ದರೆ ಇಲ್ಲಿ ಸುಮಾರು 925. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಸೇರಿಸಿದರೆ ಒಂದು ಘನಮೀಟರ್ ಗಾಳಿಯ ತೂಕ 1.05 ಕೆ.ಜಿ. ಎಂಜಿನ್ ಶಕ್ತಿ ಅಳೆಯುವ ಪ್ರಮಾಣಿತ ಹವೆಯಲ್ಲಿ ಅದು 1.16. ಹೆಚ್ಚುಕಡಿಮೆ ಹತ್ತು ಭಾಗ ಆಮ್ಲಜನಕವೇ ಕಡಿಮೆ. ಹುರಾಕಾನ್ ಇವೊದ 5.2 ಲೀಟರ್ ವಿ10 ಎಂಜಿನ್ನಿನ 640 ಪಿಎಸ್ ಆಗ 580ರ ಆಸುಪಾಸಿಗೆ ಇಳಿಯುತ್ತದೆ, ನೂರರಿಂದ ಇನ್ನೂರರ 6.1 ಸೆಕೆಂಡ್ 6.7ರ ಹತ್ತಿರ ಹೋಗುತ್ತದೆ. ತೆಳು ಗಾಳಿ ಕಾರನ್ನು ತಡೆಯುವುದೂ ಕಡಿಮೆ, ಅದರಿಂದ ಸ್ವಲ್ಪ ವಾಪಸ್ ಬರುತ್ತದೆ. ಡಿಸೆಂಬರ್ ಬೆಳಗಿನ 16 ಡಿಗ್ರಿಯಲ್ಲಿ ನಷ್ಟ ನಾಲ್ಕು ಭಾಗಕ್ಕೆ ಇಳಿಯುತ್ತದೆ. ಅಂದರೆ ಒಂದೇ ಊರಿನಲ್ಲಿ, ಒಂದೇ ಕಾರಿನಲ್ಲಿ, ಎರಡು ಕಾಲಕ್ಕೆ 35 ಪಿಎಸ್ ವ್ಯತ್ಯಾಸ.

ಟರ್ಬೊ ಎಂಜಿನ್ ತನ್ನ ಫ್ಯಾನನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಒತ್ತಡದ ಕೊರತೆ ತುಂಬಿಕೊಳ್ಳುತ್ತದೆ, ಆದ್ದರಿಂದ 911 ಟರ್ಬೊ, 720ಎಸ್‌ಗಳಿಗೆ ಎತ್ತರದ ಕಾಟ ಕಡಿಮೆ. ಅವುಗಳ ಶತ್ರು ಬಿಸಿ. ದೇವರಾಜ ಅರಸು ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ತೆವಳಿ ಬಂದ ಕಾರಿನಲ್ಲಿ ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಾದಿರುತ್ತದೆ. ಬಿಸಿ ಗಾಳಿ ಒಳಗೆ ಹೋದರೆ ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವುದು) ತಪ್ಪಿಸಲು ಕಂಪ್ಯೂಟರ್ ಇಗ್ನಿಷನ್ ಹಿಂದಕ್ಕೆ ತಳ್ಳುತ್ತದೆ, ಶಕ್ತಿ ಕುಗ್ಗುತ್ತದೆ. ಹತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಇಂಟರ್‌ಕೂಲರ್ ತಣಿಯುತ್ತದೆ. ಕಡಿಮೆ ಆಕ್ಟೇನ್ ಪೆಟ್ರೋಲಿನದೂ ಇದೇ ಕಥೆ. ಟ್ಯಾಂಕ್ ಮುಚ್ಚಳದ ಒಳಗೆ ಬರೆದ ಆಕ್ಟೇನ್ ನೋಡಿ, 98 ಎಂದಿದ್ದರೆ 99 ಅಥವಾ 100 ಸಿಗುವ ಬಂಕಿನಲ್ಲೇ ತುಂಬಿಸಿ. ಮೊದಲಿದ್ದ ಪೆಟ್ರೋಲ್ ಖಾಲಿಯಾಗುವ ಮುನ್ನ ಪೂರ್ತಿ ಪರಿಣಾಮ ಕಾಣದು.

ಪ್ರಶ್ನೆ: ಎಲೆಕ್ಟ್ರಿಕ್ ಕಾರುಗಳ ಮುಂದೆ ಇವೆಲ್ಲ ಸೋತಂತೆಯೇ?
— ಓದುಗರು, ವಿದ್ಯಾನಗರ, ಮಂಡ್ಯ

ಉತ್ತರ: ನೂರರವರೆಗೆ ಸಮಸಮ, ಅಲ್ಲಿಂದಾಚೆಗೆ ತೂಕ ಕಾಡುತ್ತದೆ. ಒಂದೇ ಕಂಪನಿಯ ಎರಡು ಕಾರು ನೋಡಿ. ಪೋರ್ಷೆಯ ಎಲೆಕ್ಟ್ರಿಕ್ ಕಾರು, ಮೊದಲ ಆವೃತ್ತಿಯ ಟೈಕಾನ್ ಟರ್ಬೊ ಎಸ್ 761 ಪಿಎಸ್, ತೂಕ 2,295 ಕೆ.ಜಿ.; ನೂರಕ್ಕೆ 2.8, ಇನ್ನೂರಕ್ಕೆ 9.8 ಸೆಕೆಂಡ್. ನಡುವಿನ ಅಂತರ 7.0, ಅದೇ 911ರದು 6.2. ಪೋರ್ಷೆ ಟೈಕಾನ್‌ನ ಹಿಂದಿನ ಮೋಟರಿಗೆ ಎರಡು ಗೇರ್ ಕೊಟ್ಟದ್ದೇ ಹೆಚ್ಚು ವೇಗದಲ್ಲಿ ಎಳೆತ ಕುಗ್ಗಬಾರದು ಎಂದು. ಇನ್ನೂ ಹೆಚ್ಚು ಶಕ್ತಿ ತುಂಬಿದ ಟೈಕಾನ್ ಟರ್ಬೊ ಜಿಟಿ ಬಂದ ಮೇಲೆ ಚಿತ್ರ ಬೇರೆ: ತೂಕ ಇಳಿಸಿದ ಅದರ ವೈಸಾಕ್ ಪ್ಯಾಕೇಜ್ ಮಾದರಿ ನೂರಕ್ಕೆ 2.2 ಸೆಕೆಂಡ್. ಆದರೆ ಬ್ಯಾಟರಿ ಕಾವು ಮತ್ತು ಚಾರ್ಜ್ ಮಟ್ಟಕ್ಕೆ ತಕ್ಕಂತೆ ಅದೇ ಕಾರಿನ ಸಮಯ ಬದಲಾಗುತ್ತದೆ. ಹೋಲಿಸುವಾಗ ಚಾರ್ಜ್ ಎಷ್ಟಿತ್ತು ಎಂದು ಬರೆಯದ ಅಂಕಿಯನ್ನು ಪಕ್ಕಕ್ಕಿಡಿ.

ಪ್ರಶ್ನೆ: ನನ್ನದು 150 ಪಿಎಸ್‌ನ ಟರ್ಬೊ ಸೆಡಾನ್. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೆಳಗಿನ ಜಾವ ಖಾಲಿ ಇರುವಾಗ ಮೊಬೈಲ್ ಆ್ಯಪ್ ಇಟ್ಟು ಸೊನ್ನೆಯಿಂದ ನೂರು ಅಳೆಯಬಹುದೇ?
— ಓದುಗರು, ಮದ್ದೂರು

ಉತ್ತರ: ಹೆದ್ದಾರಿಯಲ್ಲಿ ಬೇಡವೇ ಬೇಡ. ಆ ರಸ್ತೆಯ ಮಿತಿ ಗಂಟೆಗೆ 100 ಕಿ.ಮೀ., ಉದ್ದಕ್ಕೂ ಕ್ಯಾಮೆರಾಗಳಿವೆ. 130 ದಾಟಿದರೆ ಎಫ್‌ಐಆರ್ ದಾಖಲಿಸುವುದಾಗಿ ರಾಜ್ಯ ಪೊಲೀಸರು 2024ರ ಆಗಸ್ಟ್ 1ರಿಂದ ಜಾರಿ ಮಾಡಿದ್ದಾರೆ. ಮಿತಿಯೊಳಗೇ ಇರುತ್ತೇನೆ ಎನ್ನುವಂತಿಲ್ಲ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪರೀಕ್ಷೆ ನಡೆಸುವುದೇ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ; ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದಕ್ಕಿಂತ ದೊಡ್ಡ ಮಾತು: ಹೆದ್ದಾರಿಯಲ್ಲಿ ಸೊನ್ನೆಯಿಂದ ಶುರು ಮಾಡಬೇಕಾದರೆ ಕಾರನ್ನು ಪಥದ ಮೇಲೆ ನಿಲ್ಲಿಸಬೇಕು. ಹಿಂದಿನಿಂದ ಬರುವ ಲಾರಿಯವನಿಗೆ ಅದು ಗೊತ್ತಿರುವುದಿಲ್ಲ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಚೆನ್ನೈ ಬಳಿ ಇರುಂಗಾಟುಕೋಟೆಯ ಟ್ರ್ಯಾಕ್‌ಗಳಲ್ಲಿ ಸ್ವಂತ ಕಾರು ತರಲು ಅವಕಾಶವಿರುವ ದಿನ ವಿಚಾರಿಸಿಕೊಂಡು ಹೋಗಿ.

ಅಳತೆಗೆ ಮೊಬೈಲ್ ಸಾಲದು. ಅದರ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಸ್ಥಾನ ಗುರುತಿಸುತ್ತದೆ. ನಿಮ್ಮ ಕಾರು ಆ ಒಂದು ಸೆಕೆಂಡಿನಲ್ಲಿ ಹತ್ತು ಕಿ.ಮೀ. ವೇಗ ಏರಿಸಿಕೊಂಡಿರುತ್ತದೆ. ಸೆಕೆಂಡಿಗೆ ಕನಿಷ್ಠ 10 ಸಲ ಗುರುತಿಸುವ ಡ್ರ್ಯಾಗಿಯಂಥ ಪುಟ್ಟ ಪೆಟ್ಟಿಗೆ ಬೇಕು, ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಆಕಾಶ ಕಾಣುವಂತೆ ಇಡಿ. ಸ್ಪೀಡೋಮೀಟರ್ ನೋಡಿ ಅಳೆಯಬೇಡಿ. ಅದು ನಿಜಕ್ಕಿಂತ ಕಡಿಮೆ ತೋರಿಸಕೂಡದು, ಹೆಚ್ಚು ತೋರಿಸಬಹುದು ಎಂಬುದು ಅಂತರರಾಷ್ಟ್ರೀಯ ನಿಯಮ. ಹಾಗಾಗಿ ಮುಳ್ಳು 100 ತೋರಿದಾಗ ಕಾರು 95ರಲ್ಲಿರುವುದು ಸಾಮಾನ್ಯ.

ರಸ್ತೆಯ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ಲೆಕ್ಕದಲ್ಲಿ ಕಾಣುತ್ತದೆ. ನೂರು ಮೀಟರಿಗೆ ಒಂದು ಮೀಟರ್ ಇಳಿದರೆ 9 ಸೆಕೆಂಡಿನ ಕಾರಿಗೆ 0.3 ಸೆಕೆಂಡ್ ಲಾಭ. 2.7 ಸೆಕೆಂಡಿನ ಕಾರಿಗೆ 0.03 ಮಾತ್ರ. ನಿಧಾನದ ಕಾರಿಗೆ ಇಳಿಜಾರಿನ ಮೋಸ ಹೆಚ್ಚು ಎನ್ನುವುದನ್ನು ನೆನಪಿಟ್ಟುಕೊಂಡು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ. ಗಾಳಿ ಬೀಸುವುದರ ತಪ್ಪೂ ಇದರಲ್ಲೇ ಬಹಳಷ್ಟು ಹೋಗುತ್ತದೆ. ಪಕ್ಕದ ಸೀಟಿನಲ್ಲಿ 75 ಕೆ.ಜಿ. ಸ್ನೇಹಿತ ಕೂತರೆ ಅರ್ಧ ಸೆಕೆಂಡಿನ ಹತ್ತಿರ ಹೋಗುತ್ತದೆ, ಪೂರ್ತಿ ಟ್ಯಾಂಕಿನ 40 ಲೀಟರ್ ಪೆಟ್ರೋಲ್ ಎಂದರೆ 30 ಕೆ.ಜಿ. ಟೈರಿನ ಗಾಳಿಯನ್ನು ತಣ್ಣಗಿರುವಾಗ ಬಾಗಿಲ ಚೀಟಿಯಲ್ಲಿ ಬರೆದಷ್ಟಕ್ಕೆ ಹಾಕಿ.

ಮುಂಚಕ್ರದ ಕಾರಿನಲ್ಲಿ ಹೊರಡುವಾಗ ಭಾರ ಹಿಂದಕ್ಕೆ ಹೋಗುವುದರಿಂದ ಹಿಡಿತ ಕಡಿಮೆಯಾಗುತ್ತದೆ. ಆಕ್ಸಿಲೇಟರನ್ನು ಮೊದಲ ಒಂದು ಸೆಕೆಂಡ್ ಮುಕ್ಕಾಲು ಮಾತ್ರ ಒತ್ತಿ, ಚಕ್ರ ಹಿಡಿದ ಮೇಲೆ ಪೂರ್ತಿ. ನಿಮ್ಮ ಕಾರಿನ ಎಂಜಿನ್ ಆರೋಗ್ಯ ತಿಳಿಯುವುದೇ ಉದ್ದೇಶವಾದರೆ ಹೊರಡುವ ಗಡಿಬಿಡಿಯೇ ಇಲ್ಲದ ಅಳತೆ ಇನ್ನೂ ಒಳ್ಳೆಯದು: ಮೂರನೇ ಗೇರಿನಲ್ಲಿ 60ರಿಂದ 100, ಎರಡೂ ದಿಕ್ಕಿನಲ್ಲಿ ಮೂರು ಮೂರು ಸಲ. ಆರೂ ಸಮಯ ಬರೆದುಕೊಂಡು ಅತಿ ಹೆಚ್ಚು, ಅತಿ ಕಡಿಮೆಯವನ್ನು ಬಿಟ್ಟು ಸರಾಸರಿ ಮಾಡಿ, ಪಕ್ಕದಲ್ಲಿ ಆ ದಿನದ ಉಷ್ಣತೆ ನಮೂದಿಸಿ. ಮುಂದಿನ ಸರ್ವಿಸ್ ಆದ ಮೇಲೆ ಅದೇ ಜಾಗದಲ್ಲಿ, ಅದೇ ತೂಕದಲ್ಲಿ ಮತ್ತೆ ಅಳೆಯಿರಿ. ಉಷ್ಣತೆ ಹೆಚ್ಚುಕಡಿಮೆ ಅಷ್ಟೇ ಇದ್ದೂ ಸಮಯ ಐದು ಭಾಗಕ್ಕಿಂತ ಹೆಚ್ಚಿದ್ದರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟರ್ಬೊ ಪೈಪಿನ ಕ್ಲಿಪ್‌ಗಳನ್ನು ಈ ಕ್ರಮದಲ್ಲೇ ನೋಡಿಸಿ.